ಐದನೇ ಕ್ಲಾಸಿನಲ್ಲಿ ನವೋದಯ ಸೀಟು ಸಿಗದ ಕೂಲಿಕಾರರ ಮಕ್ಕಳು ಓದು ಬಿಡುವ ಮನಸ್ಸು ಮಾಡುವುದೇಕೆ?

ಸೀಟು ಸಿಗದಿದ್ದರೆ ಮನೆಯಲ್ಲಿ ‘ಫೇಲಾದ’ ಅನ್ನುತ್ತಾರಲ್ಲ, ತೊಂದರೆ ಶುರುವಾಗುವುದೇ ಅಲ್ಲಿ. ಅದು ಕೇಂದ್ರ ಸರ್ಕಾರದ ವಸತಿ ಶಾಲೆಯಾದ ನವೋದಯದ ಆರನೇ ಕ್ಲಾಸಿಗೆ ಮಕ್ಕಳನ್ನು ಆಯ್ದುಕೊಳ್ಳುವ ಪರೀಕ್ಷೆ, ಪಾಸು-ಫೇಲಿನದಲ್ಲ. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು, ಅಷ್ಟೇ. ಆರನೇ ಕ್ಲಾಸಿಗೆ ಎರಡನೇ ಸಲ ಬರೆಯಲು ಬಿಡುವುದಿಲ್ಲವಾದ್ದರಿಂದ, ಹತ್ತು ವರ್ಷದ ಮಗು ಅದನ್ನು ಜೀವನದ ತೀರ್ಪೆಂದು ತಿಳಿಯುತ್ತದೆ.

2 ಗಂಟೆಯಲ್ಲಿ 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಚಿತ್ರ-ಆಕೃತಿಗಳ ಮಾನಸಿಕ ಸಾಮರ್ಥ್ಯದವು. ಇವು ಪಠ್ಯಪುಸ್ತಕದಲ್ಲಿಲ್ಲ, ಕೋಚಿಂಗಿನಲ್ಲಿವೆ. ಇನ್ನು ಶಹಾಪುರ, ಸುರಪುರದ ಕಡೆ ನವೆಂಬರ್-ಡಿಸೆಂಬರ್ ಅಂದರೆ ಹತ್ತಿ ಬಿಡಿಸುವ ಹಂಗಾಮು. ಅವ್ವನ ಜೊತೆ ಹೊಲಕ್ಕೆ ಹೋದ ಹುಡುಗಿಗೆ ತಯಾರಿಯ ದಿನಗಳೇ ತಪ್ಪುತ್ತವೆ. ಆದರೆ ಆಕೆ ಹಂಗಾಮನ್ನು ದೂರುವುದಿಲ್ಲ, ‘ನನ್ನ ತಲೀನೇ ಓಡಂಗಿಲ್ಲ’ ಅನ್ನುತ್ತಾಳೆ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆಯ ನಂತರ 11ನೇ ವಯಸ್ಸಿಗೆ ಪರೀಕ್ಷೆಯಿಟ್ಟು ಮಕ್ಕಳನ್ನು ಸೋಸಿದಾಗಲೂ, ಆಯ್ದ ಮಕ್ಕಳಿಗೆ ಮಾತ್ರ ಸೀಟು ಕೊಡುವ ಗ್ರಾಮರ್ ಶಾಲೆಯಿಂದ ಹೊರಗುಳಿದವರಲ್ಲಿ ಕಾರ್ಮಿಕರ ಮಕ್ಕಳೇ ಹೆಚ್ಚು.

ಬರೆಸುವುದಾದರೆ ಜೂನ್‌ನಿಂದಲೇ ದಿನಕ್ಕೆ 10 ಆಕೃತಿ ಪ್ರಶ್ನೆ ಸಾಕು. ಉತ್ತರ ಗುರುತಿಸುವ ಓಎಂಆರ್ ಹಾಳೆಯ ಜೆರಾಕ್ಸ್ ಮೇಲೆ ಪೆನ್ನಿನಲ್ಲೇ ವೃತ್ತ ತುಂಬಿಸಿ. ಒಂದು ಸಾಲು ತಪ್ಪಿದರೆ ಕೆಳಗಿನವೆಲ್ಲ ತಪ್ಪುತ್ತವೆ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲ, ಖಾಲಿ ಬಿಡಬೇಡಿ.

ಫಲಿತಾಂಶಕ್ಕೂ ಮೊದಲೇ ಮುಂದಿನ ದಾರಿ ಹೇಳಿಡಿ: ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಸರ್ಕಾರಿ ಶಾಲೆಯ ಮಕ್ಕಳು ಬರೆಯಬಹುದು, ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನವೋದಯಕ್ಕೇ ಒಂಬತ್ತನೇ ಕ್ಲಾಸಿನ ಖಾಲಿ ಸೀಟುಗಳಿಗೆ ಬೇರೆ ಪರೀಕ್ಷೆಯೂ ಉಂಟು.