ಕಟ್ಟುಕಥೆ ಹೇಳಿ ಯೇಸುವಿನ ಬಗ್ಗೆ ಕಲಿಸಬಹುದಾ?

ಪ್ರಶ್ನೆ: ಅಕ್ಕಾ, ನಮ್ಮದು ಬಂಗಾರಪೇಟೆ. ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಈ ಸಲ ರಜೆಯಲ್ಲಿ ನಾರ್ನಿಯಾ ಅನ್ನೋ ಇಂಗ್ಲಿಷ್ ಮಕ್ಕಳ ಪುಸ್ತಕದ ಸಿಂಹದ ಕಥೆ ಹೇಳಿದೆ, ತಪ್ಪು ಮಾಡಿದ ಹುಡುಗನ ಬದಲು ಸಿಂಹ ಸತ್ತು ಮತ್ತೆ ಎದ್ದು ಬರುತ್ತದಲ್ಲ, ಅದು. ಸಭೆಯ ಹಿರಿಯರೊಬ್ಬರು "ಮಾಟಗಾತಿ, ಮಾತಾಡೋ ಪ್ರಾಣಿ, ಇದೆಲ್ಲಾ ದೇವರ ವಾಕ್ಯದಲ್ಲಿ ಎಲ್ಲಿದೆ?" ಅಂದರು. ನಾನು ಮಾಡಿದ್ದು ತಪ್ಪಾ?

ಉತ್ತರ: ತಪ್ಪಲ್ಲಮ್ಮಾ. ಮಾತಾಡೋ ಮರಗಳು ಬೈಬಲಿನಲ್ಲೇ ಇವೆ. ನ್ಯಾಯಸ್ಥಾಪಕರು 9ನೇ ಅಧ್ಯಾಯ ತೆಗೆದು ನೋಡಿ, ಮರಗಳೆಲ್ಲಾ ಸೇರಿ ತಮಗೊಬ್ಬ ರಾಜ ಬೇಕು ಅಂತ ಹೊರಡುತ್ತವೆ, ಅಂಜೂರ, ದ್ರಾಕ್ಷಿ ಎಲ್ಲಾ ಒಲ್ಲೆ ಅಂದಮೇಲೆ ಮುಳ್ಳಿನ ಪೊದೆ ಒಪ್ಪಿಕೊಳ್ಳುತ್ತದೆ. ನಾತಾನ ಪ್ರವಾದಿಯೂ, ಇನ್ನೊಬ್ಬನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡ ರಾಜ ದಾವೀದನಿಗೆ ನೇರ ಬುದ್ಧಿ ಹೇಳಲಿಲ್ಲ. ಬಡವನ ಒಂದೇ ಒಂದು ಕುರಿಮರಿಯನ್ನು ಶ್ರೀಮಂತನೊಬ್ಬ ಕಿತ್ತುಕೊಂಡ ಕಥೆ ಹೇಳಿದ. ಕೇಳಿ ದಾವೀದನಿಗೆ ಸಿಟ್ಟು ನೆತ್ತಿಗೇರಿತು, ಆಗ ನಾತಾನ "ಆ ಮನುಷ್ಯ ನೀನೇ" ಅಂದ.

ನನಗೆ ಇರುವ ಚಿಂತೆ ಬೇರೆ. ಕಥೆ ಮುಗಿದ ತಕ್ಷಣ ನೀವು ಅರ್ಥ ಬಿಡಿಸಿ ಹೇಳಿದಿರಾ? ನಾನು ಹಾಗೆ ಮಾಡಿ ಕೆಡಿಸಿಕೊಂಡಿದ್ದೇನೆ. ಮುಳಬಾಗಿಲು ಕಡೆಯ ಒಂದು ಹಳ್ಳಿಯಲ್ಲಿ ನಾನೇ ಕಟ್ಟಿದ ಕಥೆ ಹೇಳುತ್ತಿದ್ದೆ. ಕೆರೆಯ ತೂಬಿನೊಳಗೆ ದೊಡ್ಡ ಸರ್ಪ ಸೇರಿಕೊಂಡು ನೀರು ಬಿಡುತ್ತಿಲ್ಲ, ಊರು ಒಣಗುತ್ತಿದೆ, ಕೆರೆ ನೀರು ಬಿಡುವ ಕೆಲಸದ ನೀರುಗಂಟಿ ಒಬ್ಬನೇ ಲಾಟೀನು ಹಿಡಿದು ಒಳಗೆ ಇಳಿಯುತ್ತಾನೆ. ನೀರು ಬರುತ್ತದೆ, ಅವನು ಬರುವುದಿಲ್ಲ. ಮುಂದೆ ಕೂತಿದ್ದ ಹುಡುಗಿ ಲಂಗದ ಅಂಚು ಮುಷ್ಟಿಯಲ್ಲಿ ಹಿಡಿದು ಕೇಳುತ್ತಿದ್ದಳು. "ಈ ನೀರುಗಂಟಿನೇ ಯೇಸು" ಅಂದುಬಿಟ್ಟೆ. ಅವಳ ಕೈ ಸಡಿಲವಾಯಿತು. "ಇದೂ ಪಾಠಾನಾ ಮಿಸ್?" ಅಂದಳು. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಮುಂದೆ ಇನ್ನೊಂದು ಊರಿನಲ್ಲಿ ಅದೇ ಕಥೆ ಹೇಳಿ ಸುಮ್ನೆ ಇದ್ದೆ. ಮುಂದಿನ ವಾರ ಯೋಹಾನ 15ನೇ ಅಧ್ಯಾಯದಲ್ಲಿ ಸ್ನೇಹಿತರಿಗಾಗಿ ಪ್ರಾಣ ಕೊಡುವ ಮಾತು ಓದುವಾಗ ಒಬ್ಬ ಹುಡುಗ ತಾನಾಗಿ "ನೀರುಗಂಟಿ ತರಾ" ಅಂದ. ನಾರ್ನಿಯಾ ಬರೆದ ಲೂಯಿಸ್ ಅವರಿಗೂ ಮೊದಲು ಹೊಳೆದಿದ್ದು ಪಾಠ ಅಲ್ಲ, ಹಿಮದ ಕಾಡಿನಲ್ಲಿ ಕೊಡೆ ಹಿಡಿದು ನಿಂತ ಮೇಕೆಕಾಲಿನವನ ಚಿತ್ರ. ಅದು ಅವರ ಹದಿನಾರನೇ ವಯಸ್ಸಿನಿಂದ ಮನಸ್ಸಿನಲ್ಲಿತ್ತು, ಪುಸ್ತಕ ಬಂದಿದ್ದು 1950ರಲ್ಲಿ.

ಹಿರಿಯರ ಭಯವನ್ನೂ ತಳ್ಳಿಹಾಕಬೇಡಿ. ಐದಾರು ವರ್ಷದ ಮಗು, ಸಿಂಹ ಎದ್ದಿದ್ದು ಯೇಸು ಎದ್ದಿದ್ದು ಎರಡನ್ನೂ ಒಂದೇ ಗಂಟಿಗೆ ಕಟ್ಟಿಕೊಳ್ಳಬಹುದು, ಅಲ್ವಾ? ಅದಕ್ಕೆ ಶುರುವಿಗೇ "ಇದು ಕಟ್ಟಿದ ಕಥೆ" ಅಂತ ಹೇಳಿ, ಸುವಾರ್ತೆಯನ್ನು ಬೈಬಲ್ ತೆರೆದು ಕೈಯಲ್ಲಿ ಹಿಡಿದೇ ಓದಿ. ಮುಂದಿನ ಭಾನುವಾರ ಅವರನ್ನೂ ಕರೆದು ಮಕ್ಕಳ ಜೊತೆ ಕೂರಿಸಿ. ಅವತ್ತು ಸಿಂಹ ಬೇಡ, ಆ ಮರಗಳ ಕಥೆ ಹೇಳಿ.