ನ್ಯೂಯಾರ್ಕ್‌ನ ಹಳೇ ಕಾಲದ ಇಟಾಲಿಯನ್-ಅಮೆರಿಕನ್ ರೆಸ್ಟೋರೆಂಟ್‌ಗಳಲ್ಲಿ ಸಸ್ಯಾಹಾರಿಗಳಿಗೆ ಏನಾದರೂ ಸಿಗುತ್ತದೆಯೇ?

ಊರಿಂದ ಬಂದಿರುವ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬೇಕು, ಇಬ್ಬರೂ ಮಾಂಸ ಮುಟ್ಟುವುದಿಲ್ಲ ಎಂದಿದ್ದೀರಿ. ಧೈರ್ಯವಾಗಿ ಹೋಗಿ. ಎಗ್‌ಪ್ಲಾಂಟ್ ಪಾರ್ಮಿಜಾನ ತರಿಸಿ. ಕರಿದ ಬದನೆಕಾಯಿ ಹೋಳು, ಟೊಮ್ಯಾಟೊ ಸಾಸ್, ಚೀಸ್, ಮತ್ತೆ ಬದನೆಕಾಯಿ, ಹೀಗೆ ಪದರ ಪದರವಾಗಿ ಜೋಡಿಸಿ ಓವನ್‌ನಲ್ಲಿ ಬೇಯಿಸುತ್ತಾರೆ. ಈ ಹೋಟೆಲುಗಳ ಹೆಸರುವಾಸಿ ಚಿಕನ್ ಪಾರ್ಮ್ ಹುಟ್ಟಿದ್ದೇ ಇದರಿಂದ. 1880ರಿಂದ 1920ರ ನಡುವೆ ನೇಪಲ್ಸ್, ಸಿಸಿಲಿ ಕಡೆಯ ಬಡವರು ಲಕ್ಷಾಂತರ ಜನ ಇಲ್ಲಿಗೆ ಬಂದರು. ಊರಲ್ಲಿ ಹಬ್ಬಕ್ಕಷ್ಟೇ ಸಿಗುತ್ತಿದ್ದ ಮಾಂಸ ಇಲ್ಲಿ ಅಗ್ಗ. ಬದನೆಕಾಯಿ ಜಾಗಕ್ಕೆ ಕೋಳಿ ಬಂತು, ಸ್ಪಗೆಟ್ಟಿ ಮೇಲೆ ದಪ್ಪ ಮಾಂಸದುಂಡೆ ಕೂತಿತು. ಇಟಲಿಯಲ್ಲಿ ಹೀಗೆ ಮಾಡುವುದಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ನಮ್ಮ ಗೋಬಿ ಮಂಚೂರಿಯನ್ನು ಚೀನಾದಲ್ಲಿ ಹುಡುಕಿದ ಹಾಗಾಯಿತು, ಬಿಡಿ!

ಆದರೆ ಕೆಲವನ್ನು ಕೇಳಿಯೇ ಆರ್ಡರ್ ಮಾಡಬೇಕು. ಬದನೆಕಾಯಿಯನ್ನು ಎಷ್ಟೋ ಕಡೆ ಮೊಟ್ಟೆಯಲ್ಲಿ ಅದ್ದಿ ಕರಿಯುತ್ತಾರೆ. 'ಗ್ರೇವಿ' ಅಥವಾ 'ಸಂಡೇ ಸಾಸ್' ಎಂದಿದ್ದರೆ ಅದು ಮಾಂಸ ಹಾಕಿ ಗಂಟೆಗಟ್ಟಲೆ ಕುದಿಸಿದ್ದು. ನಿಮಗೆ ಬೇಕಾದದ್ದು ಮಾರಿನಾರ, ಅಂದರೆ ಮಾಂಸವಿಲ್ಲದ ಟೊಮ್ಯಾಟೊ ಸಾಸ್. ಮಿನೆಸ್ಟ್ರೋನಿ ಸೂಪ್ ನೋಡಲು ಬರೀ ತರಕಾರಿ, ಒಳಗೆ ಕೋಳಿಯ ಸ್ಟಾಕ್ (ಕೋಳಿ ಬೇಯಿಸಿದ ನೀರು) ಇರಬಹುದು. ಸೀಸರ್ ಸಲಾಡ್ ಡ್ರೆಸ್ಸಿಂಗ್‌ನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಇನ್ನೂ ಕಟ್ಟುನಿಟ್ಟು ಅಂದರೆ, ಇಟಲಿಯ ಅಸಲಿ ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಇದನ್ನು ಮನೆಯಲ್ಲೇ ಹೇಳಿಬಿಡಿ, ಟೇಬಲ್ ಮುಂದೆ ಕೂತಮೇಲೆ ಬೇಡ.

ಎಲ್ಲಿಗೆ ಹೋಗುವುದು? ನನ್ನ ಓಟು ಈಸ್ಟ್ ವಿಲೇಜ್‌ನ ಜಾನ್ಸ್ ಆಫ್ ಟ್ವೆಲ್ತ್ ಸ್ಟ್ರೀಟ್‌ಗೆ. 1908ರ ಹೋಟೆಲು, ಆದರೂ ವೀಗನ್ ಮೆನು ಇಟ್ಟಿದ್ದಾರೆ. ಹಾಲು, ಮೊಟ್ಟೆ, ರೆನೆಟ್ ಯಾವುದರ ರಗಳೆಯೂ ಇಲ್ಲ, ಅಲ್ವಾ? ಬ್ರೂಕ್ಲಿನ್‌ನ ಬಾಮಾಂಟೀಸ್ 1900ರದ್ದು. ಹಳೇ ಕಾಲದ ಠೀವಿ ನೋಡಬೇಕಾದರೆ ಅಲ್ಲಿಗೆ ಹೋಗಿ. ಈಸ್ಟ್ ಹಾರ್ಲೆಮ್‌ನ ರಾವೋಸ್ ಆಸೆ ಬಿಟ್ಟುಬಿಡಿ. ಅಲ್ಲಿನ ಟೇಬಲ್‌ಗಳೆಲ್ಲ ಹಳೇ ಗಿರಾಕಿಗಳ ಹೆಸರಲ್ಲೇ ಇರುತ್ತವೆ. ಅವರ ಸಾಸ್ ಮಾತ್ರ ಸೂಪರ್‌ಮಾರ್ಕೆಟ್‌ನಲ್ಲಿ ಧಾರಾಳ.

ತಟ್ಟೆಗಳು ದೊಡ್ಡವು. ಮೂವರಿಗೆ ಎರಡು ಐಟಂ ಸಾಕು, ಬ್ರೆಡ್ಡನ್ನು ಮೊದಲೇ ತಿಂದು ಹೊಟ್ಟೆ ತುಂಬಿಸಿಕೊಳ್ಳಬೇಡಿ. ಟಿಪ್ಸ್ ಶೇಕಡಾ 18-20. ಖಾರ ಇಲ್ಲವೆಂದು ಅಪ್ಪ ಗೊಣಗಿದರೆ ಚಿಲ್ಲಿ ಫ್ಲೇಕ್ಸ್ ಕೇಳಿ, ಕೊಡುತ್ತಾರೆ. ಉಳಿದರೆ ಕಟ್ಟಿಸಿಕೊಂಡು ಬನ್ನಿ. ಬದನೆಕಾಯಿ ಮಾರನೇ ದಿನ ಇನ್ನೂ ರುಚಿ.