ಲಕೋಟೆಯಿಂದ ಅಂಚೆ ಚೀಟಿ ಬಿಡಿಸುವ ಮೊದಲು

ಪ್ರಶ್ನೆ: ಅಜ್ಜನ ಹತ್ತಿ ದಲಾಲಿ ಅಂಗಡಿಗೆ ಬಂದ ಹಳೆಯ ಲಕೋಟೆಗಳು ಒಂದು ಟ್ರಂಕಿನ ತುಂಬ ಇವೆ. ಬಹಳಷ್ಟರ ಮೇಲೆ ಆರನೇ ಜಾರ್ಜ್ ದೊರೆಯ ಚೀಟಿ, ಕೆಲವದರ ಮೇಲೆ ಗಾಂಧೀಜಿಯದು. ನೀರಲ್ಲಿ ನೆನೆಸಿ ಬಿಡಿಸಿ ಮಾರಬೇಕೆಂದಿದ್ದೇನೆ. ಬೆಲೆ ತಿಳಿಯುವುದು ಹೇಗೆ?
– ಓದುಗರು, ಗದಗ-ಬೆಟಗೇರಿ

ಉತ್ತರ: ದಯವಿಟ್ಟು ಬಿಡಿಸಬೇಡಿ. ಜಾರ್ಜ್ ದೊರೆಯ ಕಡಿಮೆ ಬೆಲೆಯ ಚೀಟಿಗಳು ಅಪಾರವಾಗಿ ಅಚ್ಚಾಗಿವೆ, ಬಿಡಿಯಾಗಿ ಅವಕ್ಕೆ ಹೆಚ್ಚೇನೂ ಬರುವುದಿಲ್ಲ. ಅದೇ ಚೀಟಿ ಲಕೋಟೆಯ ಮೇಲೇ ಇದ್ದು, ಊರು ಮತ್ತು ತಾರೀಖಿನ ಮುದ್ರೆ ಓದುವಂತಿದ್ದರೆ ಅಂಚೆ ಇತಿಹಾಸ ಸಂಗ್ರಹಿಸುವವರಿಗೆ ಬೇಕಾದ ವಸ್ತು. ಹಳೆಯ ಮುದ್ರೆಯಲ್ಲಿ ಧಾರವಾಡ 'ಧಾರವಾರ್' ಆಗಿರುತ್ತದೆ, ಹುಬ್ಬಳ್ಳಿ 'ಹುಬ್ಲಿ'. ಸಣ್ಣ ಹಳ್ಳಿಯ ಅಂಚೆ ಕಚೇರಿಯ ಮುದ್ರೆ, ರೈಲು ಅಂಚೆಯ ಆರ್‌ಎಂಎಸ್ ಮುದ್ರೆ, ಎರಡನೇ ಮಹಾಯುದ್ಧದ ಸೆನ್ಸಾರ್ ಪಟ್ಟಿ (ಸರ್ಕಾರದವರು ಕಾಗದ ಒಡೆದು ಓದಿ ಮತ್ತೆ ಅಂಟಿಸಿದ ಕಾಗದದ ಪಟ್ಟಿ) ಇರುವವನ್ನು ಮೊದಲು ಬೇರೆ ತೆಗೆದಿಡಿ.

ನಂತರ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಅಂಗಡಿ ಕಾಗದಗಳನ್ನು ತಂತಿಗೆ ಚುಚ್ಚಿಡುತ್ತಿದ್ದರಲ್ಲ, ಆ ತೂತು ಚೀಟಿಯ ಮೇಲೇ ಬಿದ್ದಿದ್ದರೆ ಬೆಲೆ ಬಹಳ ಇಳಿಯುತ್ತದೆ. ಅಂಚಿನ ಹಲ್ಲು ಮುರಿದದ್ದು, ಮಡಿಕೆ, ಚಿತ್ರ ಒಂದು ಬದಿಗೆ ಸರಿದದ್ದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಗಾಂಧೀಜಿ ಚೀಟಿಗಳು 1948ರ ಆಗಸ್ಟ್ 15ರಂದು ಬಂದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಹೆಚ್ಚು ಬೆಲೆ ಹತ್ತು ರೂಪಾಯಿಯದಕ್ಕೆ, ನಕಲಿ ಕಾಟವೂ ಅದಕ್ಕೇ. ಅಂಚಿನಲ್ಲಿ 2 ಸೆಂ.ಮೀ. ಉದ್ದಕ್ಕೆ ಎಷ್ಟು ರಂಧ್ರ ಎಂದು ಎಣಿಸಿ. ಅಸಲಿಯಲ್ಲಿ 11½ ಇರಬೇಕು. ಲೆಕ್ಕ ತಪ್ಪಿದರೆ ಅನುಮಾನಪಡಿ. ಲೆಕ್ಕ ಸರಿಬಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ದೊಡ್ಡ ಮೊತ್ತದ ಮಾತಾದರೆ ತಜ್ಞರ ಪ್ರಮಾಣಪತ್ರ ಬೇಕೇಬೇಕು.

ಅಂಚೆ ಚೀಟಿಗಳ ಬೆಲೆ ಕೊಡುವ ಸ್ಟಾನ್ಲಿ ಗಿಬ್ಬನ್ಸ್ ಕ್ಯಾಟಲಾಗಿನ ಬೆಲೆ ನೋಡಿ ಹಿಗ್ಗಬೇಡಿ. ಅದು ಒಳ್ಳೆಯ ಸ್ಥಿತಿಯ ಚೀಟಿಯನ್ನು ವ್ಯಾಪಾರಿ ಮಾರುವ ಬೆಲೆ. ಅವನು ನಿಮ್ಮಿಂದ ಕೊಳ್ಳುವುದು ಅದಕ್ಕಿಂತ ಬಹಳ ಕಡಿಮೆಗೆ. ಬಳಸಿದ್ದಕ್ಕೂ ಬಳಸದ್ದಕ್ಕೂ ಅಲ್ಲಿ ಬೇರೆ ಬೇರೆ ಕಾಲಂ ಇರುತ್ತದೆ, ಸರಿಯಾದದ್ದನ್ನೇ ನೋಡಿ.

ಪ್ರಶ್ನೆ: ಬಳಸದ ಹಳೆಯ ಚೀಟಿಗಳು ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿವೆ. ಕೆಲವಕ್ಕೆ ಕಂದು ಚುಕ್ಕೆ ಬಂದಿದೆ.
– ಓದುಗರು, ಹಾವೇರಿ

ಉತ್ತರ: ನೀರಿಗೆ ಹಾಕಿದರೆ ಹಿಂದಿನ ಅಂಟು ಹೋಗುತ್ತದೆ. ಬಳಸದ ಚೀಟಿಗೆ ಆ ಅಂಟೂ ಬೆಲೆಯ ಭಾಗವೇ. ಮುಚ್ಚಳದ ಡಬ್ಬಿಯ ತಳದಲ್ಲಿ ಹಸಿ ಸ್ಪಂಜ್, ಅದರ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಚೀಟಿಗಳು. ಸ್ಪಂಜ್ ತಾಗಬಾರದು. ಕೆಲವು ಗಂಟೆಗಳಲ್ಲಿ ಅಂಟು ಸಡಿಲವಾಗುತ್ತದೆ, ಆಗಾಗ ತೆಗೆದು ನೋಡುತ್ತಿರಿ. ಬೆರಳಿಂದ ಎಳೆಯದೆ ಚಪ್ಪಟೆ ಮೂತಿಯ ಚಿಮಟದಿಂದ ಬಿಡಿಸಿ, ಅಂಟಿನ ಬದಿ ಮೇಲಾಗಿ ಒಣಗಿಸಿ. ಚುಕ್ಕೆ ಬಂದವನ್ನು ಬೇರೆ ಇಡಿ, ಬ್ಲೀಚಿನಲ್ಲಿ ತೊಳೆಯಬೇಡಿ, ಬಣ್ಣವೇ ಹೋದೀತು. ಉಳಿದವನ್ನು ಆಲ್ಬಮ್ಮಿಗೆ ಸೇರಿಸಿ ಕಪಾಟಿನಲ್ಲಿ ನಿಲ್ಲಿಸಿಡಿ. ಒಂದರ ಮೇಲೊಂದು ಪೇರಿಸಿದರೆ ಆ ಭಾರಕ್ಕೆ ಮತ್ತೆ ಅಂಟುತ್ತವೆ.